ಎಕ್ಸ್‌ಎಸ್‌ಎಲ್‌ಟಿ ನಿಧಾನವಾದರೆ ಮೊದಲು ಎಲ್ಲಿ ನೋಡಬೇಕು?

ನಿಮ್ಮ ಜಾವಾ ಅಪ್ಲಿಕೇಶನ್ ಎಕ್ಸ್‌ಎಂಎಲ್ ದತ್ತಾಂಶವನ್ನು ಎಕ್ಸ್‌ಎಸ್‌ಎಲ್‌ಟಿ ಮೂಲಕ ವೆಬ್ ಪುಟವಾಗಿಸಲು ಹಲವು ಸೆಕೆಂಡು ತೆಗೆದುಕೊಳ್ಳುತ್ತಿದೆ, ಸರ್ವರಿಗೆ ಮೆಮೊರಿ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ, ದುಡ್ಡು ಉಳಿಸಿಕೊಳ್ಳಿ.

ಪ್ರತಿ ವಿನಂತಿಗೂ ಜಾವಾದ ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯಿಂದ ನೇರವಾಗಿ ಟ್ರಾನ್ಸ್‌ಫಾರ್ಮರ್ (ಪರಿವರ್ತನೆ ನಡೆಸುವ ಆಬ್ಜೆಕ್ಟು) ಪಡೆಯುತ್ತಿದ್ದೀರಾ? ಹಾಗಿದ್ದರೆ ಸ್ಟೈಲ್‌ಶೀಟನ್ನು, ಅಂದರೆ ಪರಿವರ್ತನೆಯ ನಿಯಮಗಳಿರುವ ಎಕ್ಸ್‌ಎಸ್‌ಎಲ್‌ಟಿ ಕಡತವನ್ನು, ಪ್ರತಿ ಸಲ ಓದಿ, ಪಾರ್ಸ್ ಮಾಡಿ, ಕಂಪೈಲ್ ಮಾಡಬೇಕಾಗುತ್ತದೆ. ಒಂದೊಂದು ದೋಸೆಗೂ ಹೊಸದಾಗಿ ಹಿಟ್ಟು ರುಬ್ಬಿದ ಹಾಗೆ. ಅಪ್ಲಿಕೇಶನ್ ಶುರುವಾಗುವಾಗಲೇ ಒಮ್ಮೆ ಕಂಪೈಲ್ ಮಾಡಿ, ಆ ಕಂಪೈಲಾದ ಸ್ಟೈಲ್‌ಶೀಟನ್ನು ಹಿಡಿದಿಡುವ ಟೆಂಪ್ಲೇಟ್ಸ್ ಆಬ್ಜೆಕ್ಟನ್ನು ಇಟ್ಟುಕೊಳ್ಳಿ. ಅದನ್ನು ಎಲ್ಲ ಥ್ರೆಡ್‌ಗಳೂ ಹಂಚಿಕೊಳ್ಳಬಹುದು. ಟ್ರಾನ್ಸ್‌ಫಾರ್ಮರನ್ನು ಮಾತ್ರ ಹಂಚಬಾರದು, ವಿನಂತಿಗೊಂದರಂತೆ ಟೆಂಪ್ಲೇಟ್ಸ್ ಆಬ್ಜೆಕ್ಟಿನಿಂದಲೇ ಹುಟ್ಟಿಸಿಕೊಳ್ಳಿ. ನಾನೊಮ್ಮೆ ಜಾಣತನ ತೋರಿಸಲು ಹೋಗಿ ಟ್ರಾನ್ಸ್‌ಫಾರ್ಮರನ್ನೇ ಸ್ಟ್ಯಾಟಿಕ್ ಮಾಡಿಟ್ಟಿದ್ದೆ. ಒಬ್ಬನೇ ಕುಳಿತು ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಇಬ್ಬರು ಒಟ್ಟಿಗೆ ಪುಟ ತೆರೆದ ದಿನ ಒಬ್ಬರ ಹೆಸರು ಇನ್ನೊಬ್ಬರ ಬಿಲ್ಲಿನ ಮೇಲೆ ಬಂತು!

ಅಷ್ಟಾದರೂ ನಿಧಾನವೇ ಇದ್ದರೆ ತಪ್ಪು ಸ್ಟೈಲ್‌ಶೀಟಿನ ಒಳಗಿರಬಹುದು. ಎರಡು ಓರೆಗೆರೆಗಳನ್ನು (//) ಹುಡುಕಿ. ಅವು ಲೂಪಿನೊಳಗೆ ಕುಳಿತಿದ್ದರೆ ಪ್ರತಿ ಸುತ್ತಿಗೂ ಇಡೀ ದಾಖಲೆಯನ್ನು ಜಾಲಾಡಿಸುತ್ತವೆ. 2,000 ಆರ್ಡರುಗಳಿಗೆ 3,000 ಗ್ರಾಹಕರ ಪಟ್ಟಿಯಿಂದ ಹೆಸರು ಹುಡುಕುತ್ತೀರಿ ಎನ್ನಿ: 60 ಲಕ್ಷ ಹೋಲಿಕೆಗಳು! ಗ್ರಾಹಕರ ಸಂಖ್ಯೆಯ ಮೇಲೆ ಒಂದು ಕೀ (xsl:key, ಹುಡುಕಾಟದ ಸೂಚಿ) ಘೋಷಿಸಿ, ಲೂಪಿನಲ್ಲಿ ಕೀ ಫಂಕ್ಷನ್ ಕರೆಯಿರಿ. ಸೂಚಿ ಒಮ್ಮೆ ತಯಾರಾದರೆ ಮುಗಿಯಿತು, ಉಳಿದದ್ದು 2,000 ನೇರ ಹುಡುಕಾಟ. ಇದು 1999ರ ಮೊದಲ ಆವೃತ್ತಿಯಿಂದಲೂ ಇರುವ ಸೌಲಭ್ಯ, ಆದರೂ ನಾನು ನೋಡಿದ ಸ್ಟೈಲ್‌ಶೀಟುಗಳಲ್ಲಿ ಇದನ್ನು ಬಳಸಿದ್ದು ಅಪರೂಪ.

ನಿಮ್ಮ ಎಕ್ಸ್‌ಎಂಎಲ್‌ನ ತಲೆಯಲ್ಲಿ ಹೊರಗಿನ ಡಿಟಿಡಿಯ (ದಾಖಲೆಯ ರಚನೆಯ ನಿಯಮಗಳಿರುವ ಕಡತದ) ವಿಳಾಸವಿದೆಯೇ ಎಂದೂ ನೋಡಿ. ಇದ್ದರೆ ಪಾರ್ಸರ್ ಸದ್ದಿಲ್ಲದೆ ಪ್ರತಿ ಸಲ ಅಲ್ಲಿಗೆ ಹೋಗಿ ಬರುತ್ತಿರಬಹುದು. ತನ್ನ ಸರ್ವರಿಗೆ ಇಂಥ ವಿನಂತಿಗಳು ದಿನಕ್ಕೆ 13 ಕೋಟಿಯವರೆಗೂ ಬರುತ್ತಿವೆ ಎಂದು ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2008ರಲ್ಲಿ ಗೋಳು ಹೇಳಿಕೊಂಡಿತ್ತು. ಡಿಟಿಡಿಯ ಪ್ರತಿಯನ್ನು ನಿಮ್ಮಲ್ಲೇ ಇಟ್ಟು, ಎಂಟಿಟಿ ರಿಸಾಲ್ವರ್ ಮೂಲಕ ಪಾರ್ಸರನ್ನು ಅತ್ತ ತಿರುಗಿಸಿ.

ಇನ್ನು ಟ್ರಾನ್ಸ್‌ಫಾರ್ಮರಿಗೆ ಎಕ್ಸ್‌ಎಂಎಲನ್ನು ಡಾಮ್ ಮರವಾಗಿ (ಇಡೀ ದಾಖಲೆಯ ರೂಪ ಮೆಮೊರಿಯಲ್ಲಿ) ಕಟ್ಟಿ ಕೊಡುವ ಬದಲು ಸ್ಟ್ರೀಮನ್ನೇ ಕೊಡಿ; ಫಲಿತಾಂಶವನ್ನೂ ಸ್ಟ್ರಿಂಗಿನಲ್ಲಿ ತುಂಬಿಸದೆ ನೇರ ಬ್ರೌಸರಿಗೆ ಹರಿಯಬಿಡಿ.

ಸ್ಟೈಲ್‌ಶೀಟು 1.0 ಆವೃತ್ತಿಯದಾದರೆ ಅದನ್ನು ಎಕ್ಸ್‌ಎಸ್‌ಎಲ್‌ಟಿಪ್ರಾಕ್ (xsltproc) ಎಂಬ ಕಮಾಂಡ್‌ಲೈನ್ ಸಾಧನದಲ್ಲಿ ಪ್ರೊಫೈಲ್ ಆಯ್ಕೆ (--profile) ಕೊಟ್ಟು ಓಡಿಸಿ. ಯಾವ ಟೆಂಪ್ಲೇಟು ಎಷ್ಟು ಸಲ ಓಡಿತು, ಎಷ್ಟು ಸಮಯ ತಿಂದಿತು ಎಂದು ಪಟ್ಟಿ ಕೊಡುತ್ತದೆ. ಅದರ ಮೊದಲ ಐದು ಸಾಲುಗಳನ್ನು ಪ್ರಶ್ನೆಗೆ ಸೇರಿಸಿದರೆ ಇನ್ನೊಮ್ಮೆ ನೋಡುತ್ತೇನೆ.