ಮನೆಯೊಳಗೆ ಸಾಕೋಕೆ ಯಾವ ಆಮೆ ಒಳ್ಳೇದು?

ಪೂರ್ತಿ ಮನೆಯೊಳಗೇ ಇಟ್ಟು ಸಾಕಬಹುದಾದ ಆಮೆ ಯಾವುದೂ ಇಲ್ಲರಿ. ಎರಡನೇ ಮಹಡಿ ಫ್ಲ್ಯಾಟು, ಮಗಳಿಗೆ ಆಮೆ ಬೇಕು, ಕಲಬುರಗಿ ಬಿಸಿಲಿಗೆ ಹೆದರಿ ಒಳಗೇ ಇಡ್ತೀವಿ ಅಂತ ಬರೆದಿದ್ದೀರಿ. ಹಿಂದೆ ನಾನೂ ಇದೇ ಲೆಕ್ಕ ಹಾಕಿದವನು. ಅದಕ್ಕೇ ಹೇಳ್ತೀನಿ, ಜಾತಿ ಯಾವುದು ಅನ್ನೋದು ಆಮೇಲೆ, ಮೊದಲು ಬೆಳಕು.

ಒಳಗಿಟ್ಟ ಆಮೆಗಳಿಗೆ ಮೋಸ ಆಗೋದು ಕಿಟಕಿ ಗಾಜಿನಿಂದ. "ಕಿಟಕಿ ಹತ್ರ ಇಡ್ರಿ, ಬಿಸಿಲು ಬೀಳ್ತದ, ಸಾಕು" ಅಂತ ಅಂಗಡಿಯಲ್ಲಿ ಹೇಳಿ ಕಳಿಸ್ತಾರೆ. ಗಾಜು ದಾಟಿ ಬೆಳಕು ಬರುತ್ತೆ, ಬಿಸಿಯೂ ಬರುತ್ತೆ, ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಅನ್ನೋ ಕಿರಣ ಮಾತ್ರ ಬರಲ್ಲ. ಆಮೆಯ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗೋದು ಸುಮಾರು 290ರಿಂದ 315 ನ್ಯಾನೊಮೀಟರ್‌ವರೆಗಿನ ಆ ಕಿರಣದಿಂದ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲ್ಲ, ದೇಹ ತನ್ನ ಮೂಳೆಯಿಂದಲೇ ಅದನ್ನು ತೆಗೀತಾ ಹೋಗುತ್ತೆ. ಚಿಪ್ಪೂ ಮೂಳೆಯೇ. ಹಾಗೆ ಬೆಳೆದ ದೊಡ್ಡ ಆಮೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಟ್ಟೆ ಕಡೆಯ ಚಿಪ್ಪನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಒಳಗೆ ತಗ್ಗುತ್ತಿತ್ತು. ಹಿಂಗಾಲು ಎಳೆದುಕೊಂಡು ನಡೀತಿತ್ತು. ದವಡೆ ಮೆತ್ತಗಾಗಿ ಎಲೆ ಕಡಿಯೋಕೂ ಆಗ್ತಿರಲಿಲ್ಲ. ಅದು ಇದ್ದದ್ದು ಕಿಟಕಿ ಪಕ್ಕದಲ್ಲೇ, ದಿನಾ ಸೊಪ್ಪೂ ತಿಂತಿತ್ತು. ಬೆಚ್ಚಗಿರೋದರಿಂದ ಮನೆಯವರಿಗೆ ಅನುಮಾನವೇ ಬರಲ್ಲ, ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ.

ಹಾಗಾಗಿ ಸರೀಸೃಪಗಳಿಗಂತಲೇ ಬರುವ ಯುವಿಬಿ ಟ್ಯೂಬ್ ಬೇಕೇ ಬೇಕು. ಟಿ5 ಅನ್ನೋ ತೆಳ್ಳನೆ ಟ್ಯೂಬಾದರೆ ಆಮೆಯ ಬೆನ್ನಿನಿಂದ 30–45 ಸೆಂ.ಮೀ. ಎತ್ತರ, ದಿನಕ್ಕೆ 10–12 ತಾಸು, ನಡುವೆ ಗಾಜು, ಪ್ಲಾಸ್ಟಿಕ್ ಏನೂ ಅಡ್ಡ ಇರಬಾರದು. ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಚೆನ್ನಾಗೇ ಕಂಡರೂ ಯುವಿಬಿ ಕುಂದಿರುತ್ತೆ. ಬಿಸಿಯ ಬಲ್ಬು ಬೇರೆ. ಅದರ ಕೆಳಗೆ 32–35 ಡಿಗ್ರಿ, ಇನ್ನೊಂದು ತುದಿಯಲ್ಲಿ 22–25 ಡಿಗ್ರಿ ಇರಲಿ. ಮೇ ತಿಂಗಳಲ್ಲಿ ನಮ್ಮ ಕೋಣೆಗಳೇ 35 ದಾಟುತ್ತವೆ, ಆಗ ಬಿಸಿ ಬಲ್ಬು ಆರಿಸಿ, ಯುವಿಬಿ ಮಾತ್ರ ಉರಿಯಲಿ. ಕೂಲರ್ ಗಾಳಿ ನೇರ ಬಡಿಯಬಾರದು, ತಣ್ಣನೆ ತೇವದ ಗಾಳಿಗೆ ಮೂಗು ಸೋರಿ ಸೋಂಕು ಶ್ವಾಸಕೋಶದವರೆಗೂ ಹೋಗುತ್ತೆ. ಇಷ್ಟಾದರೂ ಬಾಲ್ಕನಿಯ ನೇರ ಬಿಸಿಲಿಗೆ ಸಮ ಯಾವುದೂ ಇಲ್ಲ. ಬೇಸಿಗೆಯಲ್ಲಿ ಏಳೂವರೆಯಿಂದ ಒಂಬತ್ತು, ಚಳಿಗಾಲದಲ್ಲಿ ಒಂಬತ್ತರಿಂದ ಹನ್ನೊಂದು, ಪಕ್ಕದಲ್ಲಿ ನೆರಳೂ ನೀರೂ ಇರಬೇಕು. ಗಾಜಿನ ತೊಟ್ಟಿಯಲ್ಲಿಟ್ಟು ಬಿಸಿಲಿಗೆ ಇಡಲೇಬೇಡಿ, ಒಳಗೇ ಬೆಂದುಹೋಗುತ್ತೆ.

ಈಗ ಜಾತಿ. ನಕ್ಷತ್ರ ಆಮೆಯನ್ನು ಯಾರು ಎಷ್ಟಕ್ಕೆ ಕೊಟ್ಟರೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿದೆ. ಇಟ್ಟುಕೊಂಡರೆ ಕನಿಷ್ಠ ಮೂರು ವರ್ಷ ಜೈಲು. ಮನೆಗೆ ಒಳ್ಳೇದಾಗುತ್ತೆ ಅಂತ ತರೋರಿದ್ದಾರೆ, ಅದು ಕಾಡಿನಿಂದ ಕದ್ದು ತಂದ ಜೀವ. ಕೆಂಪು ಕಿವಿಯ ಸಣ್ಣ ಹಸಿರು ಆಮೆ ನೀರಿನದು, ತಟ್ಟೆಯಷ್ಟು ದೊಡ್ಡದಾಗುತ್ತೆ, ದೊಡ್ಡ ತೊಟ್ಟಿ ಮತ್ತು ಒಳ್ಳೆ ಫಿಲ್ಟರ್ ಬೇಕು. ಬೇಜಾರಾಯ್ತು ಅಂತ ಶರಣಬಸವೇಶ್ವರ ಕೆರೆಗೆ ಬಿಟ್ಟರೆ ಅಲ್ಲಿನ ಜೀವಗಳಿಗೆ ಕುತ್ತು. ಸಲ್ಕಾಟಾ ಅನ್ನೋ ಆಫ್ರಿಕಾದ ನೆಲದ ಆಮೆಯ ಮರಿ ಮುದ್ದಾಗಿರುತ್ತೆ, ಬೆಳೆದರೆ 40 ಕಿಲೊ ದಾಟುತ್ತೆ. ತರಲೇಬೇಕಂದರೆ ಹಾರ್ಸ್‌ಫೀಲ್ಡ್ ಅನ್ನೋ ಮಧ್ಯ ಏಷ್ಯಾದ ಸಣ್ಣ ನೆಲದ ಆಮೆ ಒಂದೇ ನಾನು ಒಪ್ಪೋದು: 15–20 ಸೆಂ.ಮೀ., ಒಣ ಹವೆಗೆ ಒಗ್ಗುತ್ತೆ, ಆದರೆ 40 ವರ್ಷ ಬದುಕುತ್ತೆ. ಮಗಳ ಮದುವೆಯಾದ ಮೇಲೂ ನೀವೇ ನೋಡ್ಕೋಬೇಕು.

ಶಹಾಬಾದ್ ಕಲ್ಲಿನ ನೆಲದ ಮೇಲೆ ಓಡಾಡಲು ಬಿಡಬೇಡಿ. ಕಾಲು ಜಾರುತ್ತೆ, ಹಾರ್ಸ್‌ಫೀಲ್ಡ್‌ಗೆ ಅಗೆಯದೆ ನೆಮ್ಮದಿಯೂ ಇಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲದ ಕಟ್ಟಿಗೆ ಪೆಟ್ಟಿಗೆ ಮಾಡಿಸಿ, 15 ಸೆಂ.ಮೀ. ಮಣ್ಣು ತುಂಬಿ. ನಮ್ಮ ಎರೆಮಣ್ಣು ಒದ್ದೆಯಾದರೆ ಉಗುರಿಗೆ ಮೆತ್ತುತ್ತೆ, ಒಣಗಿದರೆ ಬಿರಿದು ಕಲ್ಲಾಗುತ್ತೆ. ಬೀದರ್ ಕಡೆಯ ಕೆಂಪು ಮಣ್ಣಿಗೆ ಮರಳು, ತೆಂಗಿನ ನಾರಿನ ಪುಡಿ ಬೆರೆಸಿ. ವಾರಕ್ಕೆರಡು ಸಲ ಗದ್ದ ಮುಟ್ಟುವಷ್ಟು ಉಗುರುಬೆಚ್ಚಗಿನ ನೀರಲ್ಲಿ ಕಾಲು ತಾಸು ಕೂರಿಸಿ.

ತಿನ್ನೋಕೆ ಗರಿಕೆ, ದಾಸವಾಳದ ಎಲೆ-ಹೂ, ಹಿಪ್ಪುನೇರಳೆ ಎಲೆ, ಮುಳ್ಳು ಸುಟ್ಟು ತೆಗೆದ ಪಾಪಾಸುಕಳ್ಳಿ. ಪಾಲಕ್, ರಾಜಗಿರಿ, ಪುಂಡಿಪಲ್ಯ ದಿನಾ ಹಾಕಿದರೆ ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಸೇರದಂತೆ ಹಿಡಿದುಬಿಡುತ್ತೆ. ಅನ್ನ, ರೊಟ್ಟಿ, ಹಾಲು ಬೇಡ, ಹಣ್ಣೂ ಬೇಡ.

ನೆಲದ ಆಮೆ ವಿದೇಶದ್ದಾದರೂ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು, 2024ರ ನಿಯಮ. ಕಾಗದ ಕೊಡದವರಿಂದ ತಗೋಬೇಡಿ. ಆಮೆ ಮೈಮೇಲೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತೆ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಿ. ಮಗಳಿಗೆ ಐದು ವರ್ಷ ತುಂಬಿಲ್ಲಾಂದ್ರೆ ಈಗ ತರಲೇಬೇಡಿ. ತರೋ ಮೊದಲೇ ಆಮೆ ನೋಡೋ ವೈದ್ಯರನ್ನು ಹುಡುಕಿಟ್ಟುಕೊಳ್ಳಿ. ಊರಲ್ಲಿ ಸಿಗದಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಬಾಲ್ಕನಿಗೆ ಬಿಸಿಲೇ ಬೀಳಲ್ಲ, ಟ್ಯೂಬಿನ ಖರ್ಚೂ ಬೇಡ ಅಂದರೆ ನನ್ನ ಉತ್ತರ ಒಂದೇ: ತರಬ್ಯಾಡ್ರಿ.