ತಪ್ಪಲಿಯ ಕಪ್ಪು ಉಜ್ಜುವುದನ್ನು ದಯವಿಟ್ಟು ನಿಲ್ಲಿಸಿ

ನನಗೆ ಬರುವ ಪ್ರಶ್ನೆಗಳಲ್ಲಿ ಇದೊಂದು ನಿಲ್ಲುವುದೇ ಇಲ್ಲ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

ಪ್ರಶ್ನೆ: ಬೋರ್ ನೀರು ಕಾಯಿಸಿ ಕಾಯಿಸಿ ನಮ್ಮ ಜರ್ಮನ್ ತಪ್ಪಲಿ ಒಳಗೆಲ್ಲ ಕಪ್ಪಾಗಿದೆ. ದಿನಾ ಹುಣಸೆಹಣ್ಣು, ಸ್ಟೀಲ್ ನಾರು ಹಾಕಿ ಹೊಳೆಯುವ ತನಕ ಉಜ್ಜುತ್ತೇನೆ. ಮತ್ತೆ ಅದೇ ಕಪ್ಪು. ಅದು ವಿಷ ಅಂತಾರೆ. ಪಾತ್ರೆ ಬಿಸಾಕಲೇ? (ಗೃಹಿಣಿ, ವಿನೋಬನಗರ, ದಾವಣಗೆರೆ)

ಉತ್ತರ: ಪಾತ್ರೆ ಇರಲಿ, ಉಜ್ಜುವುದನ್ನು ಬಿಡಿ.

ನಮ್ಮ ಕಡೆ ಜರ್ಮನ್ ಅನ್ನುವುದು ಅಲ್ಯೂಮಿನಿಯಂಗೇ ಅಲ್ವಾ? ಅದಕ್ಕೆ ಗಾಳಿ ತಗುಲಿದರೆ ಸಾಕು, ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ನಾರು ಎಳೆದ ಗೆರೆಯ ಮೇಲೆ, ನೀವು ಕೈ ಎತ್ತುವಷ್ಟರಲ್ಲಿ ಹೊಸ ಆಕ್ಸೈಡ್ ಪದರ ಕೂತಿರುತ್ತದೆ. ದಪ್ಪ 2ರಿಂದ 4 ನ್ಯಾನೋಮೀಟರ್. ಒಂದು ತಲೆಕೂದಲನ್ನು 20,000 ಎಳೆಯಾಗಿ ಸೀಳಿದರೆ ಒಂದೆಳೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಕಣ್ಣಿಗೆ ಕಾಣದು.

ಅದು ಅಷ್ಟಕ್ಕೇ ನಿಲ್ಲುತ್ತದಲ್ಲ, ಅದೇ ನನಗೆ ಇವತ್ತಿಗೂ ಬೆರಗು. ಕಬ್ರೆರಾ ಮತ್ತು ಮಾಟ್ ಎಂಬ ವಿಜ್ಞಾನಿಗಳು 1940ರ ದಶಕದ ಕೊನೆಗೆ ಇದನ್ನು ವಿವರಿಸಿದರು. ಮೇಲೆ ಬಂದು ಕೂತ ಆಮ್ಲಜನಕ ಒಳಗಿನ ಲೋಹದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಮೇಲೆ ಋಣ, ಕೆಳಗೆ ಧನ, ನಡುವೆ ಇಷ್ಟೇ ಇಷ್ಟು ಪದರ. ಹಾಗಾಗಿ ವಿದ್ಯುತ್ತಿನ ಎಳೆತ ವಿಪರೀತ. ಆ ಎಳೆತಕ್ಕೆ ಅಲ್ಯೂಮಿನಿಯಂ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಪದರ ತೂರಿ ಬಂದು ಆಮ್ಲಜನಕಕ್ಕೆ ಅಂಟುತ್ತವೆ. ಪದರ ದಪ್ಪವಾದಷ್ಟೂ ಎಳೆತ ಸಡಿಲವಾಗುತ್ತದೆ. ಕೆಲವೇ ನ್ಯಾನೋಮೀಟರ್‌ಗೆ ಬೆಳವಣಿಗೆ ನಿಂತಂತೆಯೇ. ಕಬ್ಬಿಣದ ತುಕ್ಕು ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಬಯಲು ಮಾಡುತ್ತದೆ. ಇದು ಉದುರುವುದಿಲ್ಲ, ಕಾಪಾಡುತ್ತದೆ.

ಈಗ ಕಪ್ಪಿನ ವಿಷಯ. ಕುದಿಯುವ ನೀರಿನಲ್ಲಿ ಇದೇ ಪದರ ನೀರನ್ನೂ ಸೇರಿಸಿಕೊಂಡು ದಪ್ಪವಾಗುತ್ತದೆ. ಗಡಸು ನೀರಿನ ಖನಿಜಗಳೂ ಅದರಲ್ಲಿ ಸೇರಿ ಕಪ್ಪಾಗಿ ಕಾಣುತ್ತದೆ. ವಿಷವಲ್ಲ, ನಿಮ್ಮ ಪಾತ್ರೆಯ ರಕ್ಷಣೆ ಅದು. ಹೊಸ ಪಾತ್ರೆ ತಂದಾಗ ನಾನೇ ಬರೀ ನೀರು ಹಾಕಿ ಎರಡು ಸಲ ಕುದಿಸಿ ಚೆಲ್ಲುತ್ತೇನೆ, ಪದರ ಗಟ್ಟಿಯಾಗಲಿ ಅಂತ.

ಹುಳಿ ಈ ಪದರವನ್ನು ಕರಗಿಸುತ್ತದೆ. ಪಿಎಚ್ ಅನ್ನುವುದು ಹುಳಿ, ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದು ಸುಮಾರು 4ಕ್ಕಿಂತ ಇಳಿದರೂ ಪದರ ತಾಳದು, 9ರ ಹತ್ತಿರ ಏರಿದರೂ ತಾಳದು. ಹುಣಸೆಹುಳಿಯ ಸಾರು ಕುದಿಸಿದ ಮೇಲೆ ತಪ್ಪಲಿ ಫಳಫಳ ಹೊಳೆಯಿತು ಅಂತ ಖುಷಿಪಡುವವರಿದ್ದಾರೆ. ಆ ಕಪ್ಪು ಎಲ್ಲಿ ಹೋಯಿತು? ಸಾರಿಗೇ ಹೋಯಿತು. ಅದಕ್ಕೇ ನೀರು ಕಾಯಿಸಲು ಜರ್ಮನ್, ಹುಳಿಗೆ ಸ್ಟೀಲ್. ದೇಹದಿಂದ ಅಲ್ಯೂಮಿನಿಯಂ ಹೊರಹಾಕುವುದು ಮೂತ್ರಪಿಂಡ. ಮನೆಯಲ್ಲಿ ಕಿಡ್ನಿ ತೊಂದರೆ ಇರುವವರಿದ್ದರೆ ಅಡುಗೆಗೇ ಇದು ಬೇಡ. ಎಚ್ಚರಿಕೆ ಜಾಸ್ತಿಯಾಯಿತು ಅನ್ನಿಸಿದರೂ ಚಿಂತೆಯಿಲ್ಲ, ನಾನು ಮಾತು ಬದಲಿಸುವುದಿಲ್ಲ.

ಇನ್ನು ಬಾಗಿಲಿಗೆ ಬಂದು ‘ಪಾತ್ರೆಯ ವಿಷ ತೆಗೆಯುವ ಪುಡಿ’ ಮಾರುವವರು. ಪುಡಿ ಹಾಕಿದ ಕೂಡಲೇ ನೀರು ಬುರುಬುರು ಅಂದರೆ ‘ನೋಡಿ, ವಿಷ ಹೊರಗೆ ಬರ್ತಿದೆ’ ಅಂತಾರೆ. ಶುದ್ಧ ಸುಳ್ಳು. ಕಾಸ್ಟಿಕ್ ಸೋಡಾದಂಥ ಕ್ಷಾರ ಪದರ ತಿಂದು ಲೋಹಕ್ಕೆ ಬಾಯಿ ಹಾಕಿದಾಗ ಬರುವ ಹೈಡ್ರೋಜನ್ ಅದು. ಕರಗುತ್ತಿರುವುದು ನಿಮ್ಮ ತಪ್ಪಲಿ. ಕೈಯೂ ಸುಡುತ್ತದೆ. ಅಂಥವರನ್ನು ಒಳಗೆ ಕರೆಯಬೇಡಿ.

ಪ್ರಶ್ನೆ: ಅಲ್ಯೂಮಿನಿಯಂಗೆ ವೆಲ್ಡಿಂಗ್ ಹಿಡಿಯುತ್ತಲೇ ಇಲ್ಲ. (ಹರಿಹರ)

ಉತ್ತರ: ಲೋಹ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಪದರಕ್ಕೆ 2,000 ಡಿಗ್ರಿ ದಾಟಬೇಕು. ನೀವು ಮಾತ್ರ ಉಜ್ಜಲೇಬೇಕು. ಕಬ್ಬಿಣ ಮುಟ್ಟದ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿ, ತಡಮಾಡದೆ ಏಸಿ ಟಿಗ್‌ನಲ್ಲಿ (ಏಸಿ ಕರೆಂಟಿನಲ್ಲಿ, ಟಂಗ್‌ಸ್ಟನ್ ಕಡ್ಡಿ ಬಳಸಿ ಮಾಡುವ ವೆಲ್ಡಿಂಗ್) ಹಿಡಿಯಿರಿ.

ಪ್ರಶ್ನೆ: ಮೆಗ್ನೀಸಿಯಂಗೂ ಪದರ ಬರುತ್ತದೆ, ಆದರೂ ಯಾಕೆ ಅಷ್ಟು ಕಾಪಾಡುವುದಿಲ್ಲ? (ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಅದರ ಆಕ್ಸೈಡ್ ಲೋಹದ ಜಾಗದ 0.81 ಪಾಲನ್ನಷ್ಟೇ ತುಂಬುತ್ತದೆ, ಬಿರುಕು ಬಿಡುತ್ತದೆ, ಅಲ್ಯೂಮಿನಿಯಂದು 1.28, ಪೂರ್ತಿ ಮುಚ್ಚುತ್ತದೆ.

ಪ್ರಶ್ನೆ: ಅನೋಡೈಸ್ ಮಾಡಿದ (ವಿದ್ಯುತ್ ಹರಿಸಿ ಆಕ್ಸೈಡ್ ಪದರ ದಪ್ಪ ಮಾಡಿದ) ಅಲ್ಯೂಮಿನಿಯಂ ಕಿಟಕಿಯನ್ನು ಆಸಿಡ್ ಹಾಕಿ ತೊಳೆಯಬಹುದೇ? (ಹಿರಿಯೂರು)

ಉತ್ತರ: ಬೇಡ.

ಪ್ರಶ್ನೆ: ಜರ್ಮನ್ ಪಾತ್ರೆಯ ನೀರಿಗೆ ತಾಮ್ರದ ಕಾಸು ಹಾಕಿಟ್ಟರೆ ವಿಷ ಹೀರುತ್ತದಂತೆ? (ಹೊಳಲ್ಕೆರೆ)

ಉತ್ತರ: ಏನನ್ನೂ ಹೀರುವುದಿಲ್ಲ. ನೀರಿನಲ್ಲಿ ತಾಮ್ರ ತಾಗಿದ ಕಡೆ ಅಲ್ಯೂಮಿನಿಯಂ ಬೇಗ ಸವೆದು ತೂತು ಬೀಳುತ್ತದೆ. ಕಾಸು ಇವತ್ತೇ ತೆಗೆಯಿರಿ.