ಸೀಗಡಿ ಬದುಕಿದೆ, ಮೀನು ಮಾತ್ರ ಸಾಯ್ತಿದೆ ಅಂದ್ರೆ

60 ಲೀಟರ್ ಉಪ್ಪುನೀರಿನ ಟ್ಯಾಂಕಿನಲ್ಲಿ ನಾಲ್ಕೇ ದಿನಕ್ಕೆ ಮೂರು ಮೀನು ಹೋದವು, ಅಮೋನಿಯಾ (ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷ) ಸೊನ್ನೆ, ಸೀಗಡಿ ಆರಾಮಾಗಿದೆ ಅಂದಿದ್ದೀರಿ. ಆ ಸೀಗಡಿಯೇ ಸುಳಿವು. ನೀರಿಗೆ ತಾಮ್ರವೋ ಕೀಟನಾಶಕವೋ ಸೇರಿದ್ದರೆ ಮೊದಲು ಸಾಯುತ್ತಿದ್ದದ್ದು ಅದೇ. ನನ್ನ ಅನುಮಾನ ವೆಲ್ವೆಟ್ ರೋಗದ ಮೇಲೆ. ಅದರ ಪರಾವಲಂಬಿ ಮೊದಲು ಕಿವಿರಿಗೆ ಅಂಟುತ್ತದೆ. ಮೈಮೇಲೆ ಏನೂ ಕಾಣುವ ಮುಂಚೆಯೇ ಮೀನು ಉಸಿರುಕಟ್ಟಿ ಸಾಯಬಹುದು. ಸತ್ತವು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಮುಖಕೊಟ್ಟು ನಿಲ್ಲುತ್ತಿದ್ದವಾ? ದೀಪ ಆರಿಸಿ, ಉಳಿದ ಮೀನಿನ ಮೇಲೆ ಟಾರ್ಚನ್ನು ಓರೆಯಾಗಿ ಬಿಡಿ. ಬಂಗಾರದ ಪುಡಿ ಉದುರಿಸಿದ ಹಾಗೆ ಕಂಡರೆ ಅದೇ.

ಹಾಗಿದ್ದರೆ ಇವತ್ತೇ ಮೀನನ್ನು ಬೇರೆ ಟಬ್ಬಿಗೆ ಹಾಕಿ, ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಬಿಡಿ. ಆ ಟಬ್ಬಿಗೆ ಕೀಲೇಟೆಡ್ ತಾಮ್ರ (ನೀರಿನಲ್ಲಿ ಕರಗಿಯೇ ಉಳಿಯುವಂತೆ ಬೇರೆ ಸಂಯುಕ್ತಕ್ಕೆ ಬಂಧಿಸಿದ ತಾಮ್ರದ ಔಷಧಿ) ಲೀಟರಿಗೆ 2ರಿಂದ 2.5 ಮಿಲಿಗ್ರಾಂ, 30 ದಿನ. ಕಿಟ್‌ನಲ್ಲಿ ದಿನಾ ತಾಮ್ರ ಅಳೆಯಿರಿ, ಮಟ್ಟ ಇಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದರೊಳಗೆ ಮರಳು, ಹವಳದ ಕಲ್ಲು ಇಡಬೇಡಿ, ತಾಮ್ರ ಹೀರುತ್ತವೆ. ಅಮೋನಿಯಾ ಏರಿದರೆ ಅಷ್ಟೇ ತಾಮ್ರ ಬೆರೆಸಿದ ಹೊಸ ಉಪ್ಪುನೀರು ಬದಲಿಸಿ. ಅಮೋನಿಯಾ ತೆಗೆಯುವ ದ್ರಾವಣ ಹಾಕಿದರೆ ತಾಮ್ರವೇ ವಿಷವಾದೀತು.

ಮುಖ್ಯ ಟ್ಯಾಂಕಿಗೆ ಒಂದು ಹನಿ ತಾಮ್ರವೂ ಬೇಡ, ಸೀಗಡಿ ಉಳಿಯಲ್ಲ. ಆ ಟ್ಯಾಂಕನ್ನು 6 ವಾರ ಮೀನಿಲ್ಲದೆ ಬಿಡಿ, ಅಂಟಲು ಮೀನಿಲ್ಲದೆ ಪರಾವಲಂಬಿ ಸಾಯುತ್ತದೆ. ಬಲೆ, ಬಕೆಟ್ ಟ್ಯಾಂಕಿಗೂ ಟಬ್ಬಿಗೂ ಬೇರೆ ಬೇರೆ ಇರಲಿ.